ಬೀರುವಿನ ಹಿಂದಿನ ಗೂಡು

“ಆ ಗೋಡೆ ಹತ್ರ ಇನ್ನು ಯಾರೂ ಹೋಗ್ಬೇಡಿ” ಎಂದಳು ನಿರ್ಮಲಾ.

ಬಡಗಿ ಓಬಳೇಶ ಡ್ರಿಲ್ಲಿಂಗ್ ಮಷೀನನ್ನು ನೆಲಕ್ಕಿಟ್ಟು ಹಿಂದೆ ಸರಿದ. ಅಡುಗೆ ಮನೆಯ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಇಟ್ಟಿಗೆಯ ಪುಡಿ ಕೆಂಪಗೆ ಹರಡಿತ್ತು. ಹೊಸ ಕ್ಯಾಬಿನೆಟ್ಟು ತೂಗುಹಾಕಲು ಅವನು ಕೊರೆದ ತೂತು ಗೋಡೆಯ ಟೊಳ್ಳಿಗೆ ಹೊಕ್ಕು, ಇಟ್ಟಿಗೆ ಕಳಚಿ, ಒಳಗಿದ್ದ ಹಳೆಯ ಗೂಡಿನಿಂದ ಒಂದು ಹಿತ್ತಾಳೆ ಡಬ್ಬಿ ಈಚೆಗೆ ಬಂದಿತ್ತು.

ಡಬ್ಬಿ ಈಗ ಗ್ರಾನೈಟ್ ಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಕೆಂಪು ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟ ಕಾಸಿನ ಸರ, ಕೊರಳಿಗೆ ಕಟ್ಟುವ ಅಡ್ಡಿಕೆ, ಒಂದು ಜೊತೆ ಬಳೆ. ಬಟ್ಟೆಯ ಗಂಟಿನ ಹೊರಗೆ, ಎಲ್ಲಕ್ಕಿಂತ ಮೇಲೆ, ಒಂದು ಮೂಗುಬೊಟ್ಟು.

“ನಿರ್ಮಲಕ್ಕ, ಇದು ನಮ್ಮಮ್ಮಂದೇ ತಾನೆ?” ಭವ್ಯಶ್ರೀ ಕೇಳಿದಳು.

ಭವ್ಯಶ್ರೀ ಫೋನು ಮಾಡಿ ಕರೆಸಿಕೊಂಡಿದ್ದ ನಿರ್ಮಲಾ ಮೂಗುಬೊಟ್ಟನ್ನು ಬೆಳಕಿಗೆ ಹಿಡಿದಳು. ಪೊಲೀಸ್ ಕೆಲಸದಿಂದ ನಿವೃತ್ತಳಾಗುವವರೆಗೆ ಎಷ್ಟೋ ಮನೆಗಳ ಚಿನ್ನ ಅವಳ ಮೇಜಿನ ಮೇಲೆ ಬಂದು ಬಿದ್ದಿತ್ತು. ಯಾವುದನ್ನು ನೋಡಿದಾಗಲೂ ಹೀಗೆ ಕಟ್ಟೆಯ ಅಂಚು ಹಿಡಿದುಕೊಂಡು ನಿಲ್ಲಬೇಕಾಗಿ ಬಂದಿರಲಿಲ್ಲ.

ಮೂಗುಬೊಟ್ಟಿನ ಕೆಂಪು ಕಲ್ಲುಗಳಲ್ಲಿ ಒಂದರ ಜಾಗ ಖಾಲಿಯಿತ್ತು. ಆ ಕಲ್ಲು ಬಿದ್ದದ್ದು ಇದೇ ಅಡುಗೆ ಮನೆಯಲ್ಲಿ. ಭವ್ಯಶ್ರೀಯ ತಾಯಿ ಗೌರಕ್ಕ ಆಗ ಈ ಮನೆಗೆ ಬಂದ ಹೊಸ ಸೊಸೆ. ನಿರ್ಮಲಾ ಎರಡು ಜಡೆಯ ಹೈಸ್ಕೂಲು ಹುಡುಗಿ, ತಾಯಿ ಇಲ್ಲದವಳು. ಅಪ್ಪ ಮರುಳಸಿದ್ದಯ್ಯ ಈ ಅರಳಗುಪ್ಪೆಯಲ್ಲಿ ಗಾರೆ ಕೆಲಸ ಹಿಡಿದಾಗಲೆಲ್ಲ ಸ್ಕೂಲು ಬಿಟ್ಟವಳು ನೇರ ಇಲ್ಲಿಗೆ ಬಂದು, ಕೆಲಸ ಮುಗಿಯುವ ತನಕ ಒಲೆಯ ಮುಂದೆ ಕೂತಿರುತ್ತಿದ್ದಳು. ಗೌರಕ್ಕ ಕಾಯಿ ತುರಿಯುವಾಗ ಚಿಪ್ಪಿಗೆ ಅಂಟಿದ ಕೊನೆಯ ಸುತ್ತಿನ ತುರಿಯನ್ನು ಬೆಲ್ಲದ ಜೊತೆ ಅವಳ ಅಂಗೈಗೆ ಹಾಕುತ್ತಿದ್ದಳು.

ಒಂದು ಸಂಜೆ ರಾಗಿ ರೊಟ್ಟಿ ತಟ್ಟುತ್ತಿದ್ದಾಗ ಮೂಗುಬೊಟ್ಟಿನ ಕಲ್ಲು ಹಿಟ್ಟಿನೊಳಕ್ಕೆ ಉದುರಿತು. ಇಬ್ಬರೂ ಹಿಟ್ಟನ್ನೆಲ್ಲ ಹಿಸುಕಿ ಹುಡುಕಿದರು. ಸಿಗಲಿಲ್ಲ. “ಯಾರ ಹೊಟ್ಟೆಗೆ ಹೋಗ್ತದೋ ಅವರೇ ಶ್ರೀಮಂತರು ಬುಡು” ಎಂದು ನಕ್ಕ ಗೌರಕ್ಕ, ಮೊದಲ ರೊಟ್ಟಿಯನ್ನು ಬೆಣ್ಣೆ ಹಚ್ಚಿ ಅವಳಿಗೇ ಕೊಟ್ಟಿದ್ದಳು.

“ಅವಳದೇ” ಎಂದಳು ನಿರ್ಮಲಾ.

ಭವ್ಯಶ್ರೀ ಅಲ್ಲೇ ಇದ್ದ ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂತಳು. ನಡೆಯಲು ಕಲಿಯುತ್ತಿದ್ದ ವಯಸ್ಸಿನಿಂದ ಅವಳು ಈ ಊರಿನಲ್ಲಿ ‘ಚಿನ್ನ ಎತ್ಕೊಂಡು ಓಡಿಹೋದೋಳ ಮಗಳು’. ಸ್ಕೂಲಿನಲ್ಲೂ ಅದೇ, ಬಾವಿ ಕಟ್ಟೆಯಲ್ಲೂ ಅದೇ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಊರಿನಲ್ಲಿ ಯಾರನ್ನೋ ವಿಚಾರಿಸಿ, ತಿರುಗಿ ಬರದೆ ಹೋಗಿದ್ದರು. ಆಮೇಲೆ ಅವಳೇ ಮದುವೆಯ ಮಾತು ನಿಲ್ಲಿಸಿದಳು. ಈ ಅಡುಗೆ ಮನೆಯಲ್ಲೇ ಹೋಳಿಗೆ, ಚಟ್ನಿಪುಡಿ ಮಾಡಿ ಮಾರತೊಡಗಿದಳು. ಈಗ ತಿಪಟೂರು, ತುರುವೇಕೆರೆಯ ಅಂಗಡಿಗಳು ಅವಳ ಪುಡಿಗೆ ಕಾಯುತ್ತಿದ್ದವು. ಜಾಗ ಸಾಲದೆಂದೇ ಈ ರಿಪೇರಿ.

“ಹಂಗಾದ್ರೆ ಅಮ್ಮ ಏನೂ ತಗೊಂಡು ಹೋಗಿಲ್ಲ.”

“ಇಲ್ಲ.”

“ಅವಳು ಹೋದ್ಲು ಅನ್ನೋದಾದ್ರೂ ನಿಜವಾ ಅಕ್ಕ?”

ಆ ಪ್ರಶ್ನೆ ನಿರ್ಮಲಾಳ ನಾಲಿಗೆಯ ಮೇಲೂ ಇತ್ತು. ಅದಕ್ಕೇ ಬಂದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಗೂಡಿನೊಳಗೆ ಟಾರ್ಚು ಬಿಟ್ಟದ್ದು.

“ಗೂಡಲ್ಲಿ ಬೇರೇನೂ ಇಲ್ಲ. ಡಬ್ಬಿ ಹಿಡಿಯೋಷ್ಟೇ ಜಾಗ. ಅದನ್ನ ಮೊದಲೇ ನೋಡ್ದೆ.”

ಓಬಳೇಶ ಗಂಟಲು ಸರಿಮಾಡಿಕೊಂಡ. “ಮೇಡಂ, ಎದುರು ಗೋಡೆಗಾದ್ರೂ ಕೂರಿಸ್ಲಾ? ಪೆಟ್ಟಿಗೆ ಎಲ್ಲಾ ಹಜಾರದಲ್ಲಿ ನಿಂತವೆ.”

“ಅದನ್ನ ಕೂರ್ಸು. ಇದನ್ನ ಮುಟ್ಟಬೇಡ.”

ಅವನು ಎದುರು ಗೋಡೆಗೆ ರಸಮಟ್ಟ ಹಿಡಿದು ಪೆನ್ಸಿಲಿನಿಂದ ಗೆರೆ ಎಳೆದ. ಹಳೆಯ ಗೋಡೆ ನಡುವೆ ಹೊಟ್ಟೆ ಬಿಟ್ಟಿತ್ತು. ಕ್ಯಾಬಿನೆಟ್ಟು ಓರೆಯಾಗದಂತೆ ಹಿಂದೆ ಪ್ಲೈವುಡ್ಡಿನ ಚೂರುಗಳನ್ನು ಸಿಕ್ಕಿಸಿ, ಒಂದೊಂದೇ ಸ್ಕ್ರೂ ಬಿಗಿಯತೊಡಗಿದ. ಆ ಸದ್ದು ನಿರ್ಮಲಾಳಿಗೆ ಹಿತವೆನಿಸಿತು. ಅಪ್ಪನ ಗಾರೆಯ ಕರಣೆಯ ಸದ್ದು ಕೇಳುತ್ತಲೇ ಬೆಳೆದವಳು ಅವಳು.

ಹಿತ್ತಲಿನಲ್ಲಿ ಹಲಸಿನ ಮರದ ಹಳೆಯ ಬೀರು ಅಂಗಾತ ಬಿದ್ದಿತ್ತು. ಅದು ಈ ಗೋಡೆಗೆ ಬಂದದ್ದು ಭವ್ಯಶ್ರೀ ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದ ವರ್ಷ. ಆಗಲೇ ಮಣ್ಣಿನ ಒಲೆ ಕಿತ್ತು, ಸಿಮೆಂಟಿನ ಕಟ್ಟೆ ಕಟ್ಟಿ, ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿದು ಈ ಅಡುಗೆ ಮನೆಯನ್ನು ಹೊಸದು ಮಾಡಿದ್ದರು. ಗೌರಕ್ಕ ಕಾಣೆಯಾದದ್ದು ಅದೇ ವಾರ. ನಿರ್ಮಲಾ ಪೊಲೀಸ್ ತರಬೇತಿಯಲ್ಲಿದ್ದಳು. ರಜೆಗೆ ಬಂದಾಗ ಸುದ್ದಿ ಹಳತಾಗಿತ್ತು. ಒಲೆಯೂ ಇರಲಿಲ್ಲ, ಒಲೆಯ ಮುಂದೆ ಕೂರಿಸಿ ಉಣ್ಣಿಸಿದವಳೂ ಇರಲಿಲ್ಲ.

ಬೀರುವಿನ ಮರೆಯಲ್ಲಿದ್ದುದರಿಂದ ಈ ಭಾಗಕ್ಕೆ ಯಾರೂ ಸಿಮೆಂಟು ಬಳಿದಿರಲಿಲ್ಲ. ಗೂಡಿನ ಬಾಯಿಗೆ ಇಟ್ಟಿಗೆ ಅಡ್ಡವಿಟ್ಟು ಕೆಮ್ಮಣ್ಣು ಮೆತ್ತಿದ್ದರು. ನಿರ್ಮಲಾ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಪಕ್ಕದಿಂದ ಹಿಡಿದಳು. ಮಣ್ಣಿನ ಮೇಲಿನ ಗುರುತುಗಳು ಎದ್ದು ಕಂಡವು.

ಮೂರು ಬೆರಳು. ಅರ್ಧ ಚಂದ್ರ. ಒಂದರ ತುದಿಯ ಮೇಲೆ ಇನ್ನೊಂದು, ಮೀನಿನ ಮೈಯಂತೆ.

ಆ ಕೈ ಅವಳಿಗೆ ಗೊತ್ತಿತ್ತು. ಹಬ್ಬದ ಹಿಂದಿನ ದಿನ ಈ ಮನೆಯ ಒಲೆ ಸಾರಿಸಿದರೆ ಅಕ್ಕಪಕ್ಕದ ಹೆಂಗಸರು ಬಂದು ನೋಡಿ ಹೋಗುತ್ತಿದ್ದರು. ಹುಡುಗಿ ನಿರ್ಮಲಾ ಅದನ್ನು ಕಲಿಯಲು ಹೋಗಿ, ಒಲೆಯ ಮೂಲೆ ಕೆಡಿಸಿ, ಮೊಟಕಿಸಿಕೊಂಡಿದ್ದಳು. ಮೊಟಕಿದವಳು ಗೌರಕ್ಕನ ಗಂಡ ಕಲ್ಲೇಶನ ಅಕ್ಕ ನಿಂಗಮ್ಮ.

ಗೂಡಿನ ಕೆಳಗಿನ ಸಾಲು ಮಾತ್ರ ಬೇರೆಯಾಗಿತ್ತು. ಅಲ್ಲಿ ಮಣ್ಣಿರಲಿಲ್ಲ, ಸಿಮೆಂಟಿತ್ತು. ಕರಣೆಯಿಂದ ತೀಡಿದ ನುಣುಪಾದ ಸಂದು. ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ದುಂಡಗೆ ಮಾಡಿದ್ದರು. ಟಾರ್ಚಿನ ಬೆಳಕು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿರ್ಮಲಾ ಅದನ್ನು ಆರಿಸಿದಳು.

“ನಿಮ್ಮತ್ತೆ ಎಲ್ಲಿ?”

“ಕೊಬ್ಬರಿ ಮನೇಲಿ. ಬೆಳಿಗ್ಗೆ ಬೀರು ಅಲ್ಲಾಡಿಸಿದಾಗಿಂದ ಈ ಕಡೆ ಬಂದಿಲ್ಲ. ಹೋದ ವರ್ಷದಿಂದ ಬೀರು ಕೀಳಿಸ್ಬೇಡ ಅಂತ ಒಂದೇ ಹಟ. ಹಳೇ ಸಾಮಾನಿನ ಮೇಲೆ ಆಸೆ ಅಂದ್ಕೊಂಡಿದ್ದೆ.”

*

ಕೊಬ್ಬರಿ ಮನೆಯ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ನಡುವೆ ನಿಂಗಮ್ಮ ಕಾಲು ಚಾಚಿ ಕೂತಿದ್ದಳು. ಒಂದೊಂದೇ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದಳು. ಒಳಗೆ ಒಣಗಿದ ಕೊಬ್ಬರಿ ಉಂಡೆ ಗಡಗಡ ಉರುಳಿದರೆ ಬಲಕ್ಕೆ, ನೀರು ತುಳುಕಿದರೆ ಮತ್ತೆ ಅಟ್ಟಕ್ಕೆ ಹೋಗಲೆಂದು ಎಡಕ್ಕೆ. ಗಂಡ ತೀರಿಕೊಂಡು ಚಿಕ್ಕ ವಯಸ್ಸಿನಲ್ಲೇ ತವರಿಗೆ ಬಂದವಳು. ತಾಯಿ ಇಲ್ಲದ ಭವ್ಯಶ್ರೀಯನ್ನು ಸೊಂಟದ ಮೇಲಿಂದ ಇಳಿಸದೆ ಸಾಕಿದವಳು.

ನಿರ್ಮಲಾ ಎದುರಿಗೆ ಕೂತಳು. ಒಂದು ಕಾಯಿ ತೆಗೆದು ಅಲ್ಲಾಡಿಸಿದಳು.

“ಇದು ಆಗೈತಾ ನಿಂಗಕ್ಕ?”

“ನೀರೈತೆ. ಅತ್ಲಾಗೆ ಹಾಕು.”

“ಗೂಡು ಮುಚ್ಚಿದ್ದು ನೀನೇ.”

ನಿಂಗಮ್ಮನ ಕೈ ನಿಲ್ಲಲಿಲ್ಲ. “ಯಾವ ಗೂಡು?”

“ಒಲೆ ಪಕ್ಕದ್ದು. ಉಪ್ಪಿನ ಜಾಡಿ ಇಡ್ತಿದ್ರಲ್ಲ, ಅದು.”

“ಗಾರೆಯೋರು ಯಾರೋ ಮುಚ್ಚಿರ್ತಾರೆ ಬುಡು.”

“ಗಾರೆಯೋರು ಮೂರು ಬೆರಳಲ್ಲಿ ಸಾರಿಸಲ್ಲ.”

ಈಗ ಕೈ ನಿಂತಿತು. ನಿಂಗಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಗೆಣ್ಣು ಗಂಟುಕಟ್ಟಿ, ಈಗ ಅವು ಮೊದಲಿನಂತೆ ಬಾಗುತ್ತಿರಲಿಲ್ಲ.

“ಪೊಲೀಸ್ನೋಳಾಗಿ ಕೇಳ್ತಿದೀಯೋ, ಮರುಳಸಿದ್ದಯ್ಯನ ಮಗಳಾಗಿ ಕೇಳ್ತಿದೀಯೋ?”

“ಆ ಒಲೆ ಮುಂದೆ ಉಂಡೋಳಾಗಿ ಕೇಳ್ತಿದೀನಿ.”

ನಿಂಗಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಹಿತ್ತಲ ಕಡೆಯ ಬಾಗಿಲಿನತ್ತ ನೋಡುತ್ತ ಹೇಳತೊಡಗಿದಳು.

“ಒಲೆ ಕಿತ್ತಾಕಿದ್ರು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಡುಗೆ. ಗಾಳಿಗೆ ಉರಿ ನಿಲ್ತಿರಲಿಲ್ಲ, ಸಾರು ತಡವಾಯ್ತು. ಕಲ್ಲೇಶ ಸೌದೆ ತಗೊಂಡು ಹೊಡ್ದ. ಅದೇನು ಹೊಸದಲ್ಲ. ಆದ್ರೆ ಅವತ್ತು ಅವಳು ಅಳಲಿಲ್ಲ. ಮಾರನೇ ದಿನ ಅವನು ತೋಟಕ್ಕೆ ಹೋಗಿದ್ದೇ ತಡ, ಡಬ್ಬಿ ತಂದು ನನ್ನ ಮಡಿಲಿಗಿಟ್ಲು. ‘ಇದು ಮಗೂಗೆ, ಅವನ ಕೈಗೆ ಸಿಗಬಾರ್ದು’ ಅಂದ್ಲು. ಮಗು ಜ್ವರದಲ್ಲಿ ಸುಡ್ತಿತ್ತು. ‘ಜ್ವರ ಬಿಡ್ಲಿ, ಕರ್ಸ್ಕೋತೀನಿ’ ಅಂದ್ಲು. ಹಿತ್ತಲ ಬಾಗಿಲಲ್ಲಿ ಹೋದ್ಲು.”

“ಕರ್ಸ್ಕೊಳ್ಳಲಿಲ್ಲ.”

“ಒಂದು ಸುದ್ದಿ ಬರಲಿಲ್ಲ ಕಣೇ. ಇವತ್ತಿನ ತನಕ.”

“ಚಿನ್ನ ಎತ್ಕೊಂಡು ಹೋದ್ಲು ಅಂತ ಅಂದೋರು ಯಾರು?”

“ಕಲ್ಲೇಶ. ಊರು ನಂಬ್ತು.”

“ನೀನು ಸುಮ್ನಿದ್ದೆ.”

“ಇನ್ನೇನು ಮಾಡ್ಲಿ?” ನಿಂಗಮ್ಮನ ದನಿ ಗಡುಸಾಯಿತು. “ಬಾಯಿ ಬಿಟ್ಟಿದ್ರೆ ಮುಂದಿನ ಸಂತೆ ಒಳಗೆ ಅದು ಇಸ್ಪೀಟಿಗೆ ಹೋಗ್ತಿತ್ತು. ಮಗೂಗೆ ಉಳಿಸು ಅಂದ್ಲು, ಉಳಿಸ್ದೆ. ಗೂಡಿಗಿಟ್ಟು ಮುಚ್ಚಿ, ಇದರ ಮೇಲೆ ಬೀರು ಕೂರಿಸಪ್ಪ ಅಂತ ನಿಮ್ಮಪ್ಪಂಗೆ ಹೇಳ್ದೆ. ಯಾಕೆ ಏನು ಅಂತ ಆ ಮಹರಾಯ ಕೇಳಲಿಲ್ಲ. ಇದರಲ್ಲಿ ನನ್ನ ತಪ್ಪೇನೈತೆ?”

“ಕಲ್ಲೇಶಣ್ಣ ತೀರ್ಕೊಂಡು ಎಷ್ಟು ವರ್ಷ ಆಯ್ತು ನಿಂಗಕ್ಕ. ಆಮೇಲಾದ್ರೂ ತೆಗೀಬೋದಿತ್ತು.”

ನಿಂಗಮ್ಮ ಒಂದು ಕಾಯಿ ಎತ್ತಿಕೊಂಡಳು. ಅಲ್ಲಾಡಿಸಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತಳು.

“ತೆಗೆದಿದ್ರೆ ಇವಳು ಅವಳನ್ನ ಹುಡುಕ್ಕೊಂಡು ಹೊರಟೋಗ್ತಿದ್ಲು. ನನಗೆ ಇನ್ಯಾರವ್ರೆ?”

ಬಾಗಿಲಲ್ಲಿ ಲೋಟದ ಸದ್ದಾಯಿತು. ಕಾಫಿ ತಟ್ಟೆ ಹಿಡಿದು ಭವ್ಯಶ್ರೀ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ನಿರ್ಮಲಾಳಿಗೆ ತಿಳಿಯಲಿಲ್ಲ. ಮುಖ ನೋಡಿದರೆ ಎಲ್ಲವನ್ನೂ ಕೇಳಿಸಿಕೊಂಡಂತಿತ್ತು. ಅವಳು ತಟ್ಟೆಯನ್ನು ನೆಲಕ್ಕಿಟ್ಟಳು. ಒಂದು ಹನಿ ಚೆಲ್ಲಲಿಲ್ಲ.

“ಕಳ್ಳಿ ಮಗಳು ಅನ್ನಿಸ್ಕೊಂಡು ಸ್ಕೂಲಿಂದ ಅಳ್ತಾ ಬತ್ತಿದ್ದೆ. ಸೆರಗಲ್ಲಿ ಕಣ್ಣೊರೆಸಿ, ಬಾಯಿಗೆ ಬೆಲ್ಲ ಹಾಕ್ತಿದ್ದೋಳು ನೀನೇ ಅಲ್ವಾ ಅತ್ತೆ?”

ನಿಂಗಮ್ಮನ ಕೈ ಅಭ್ಯಾಸಬಲದಿಂದ ಸೆರಗಿನ ತುದಿ ಹುಡುಕಿತು.

ನಿರ್ಮಲಾಳಿಗೂ ಆ ಸೆರಗು ಗೊತ್ತಿತ್ತು. ಹೊಗೆ, ಹರಳೆಣ್ಣೆ, ಒಣ ಮೆಣಸಿನಕಾಯಿ ಎಲ್ಲ ಬೆರೆತ ಅದರ ವಾಸನೆ ಈಗಲೂ ಮೂಗಿಗೆ ಬಂದಂತಾಯಿತು. ಎಷ್ಟು ಪ್ರೀತಿ ತುಂಬಿದ್ದ ಅಡುಗೆ ಮನೆ ಅದು ಎಂದು ಇಷ್ಟು ವರ್ಷ ನೆನೆದಿದ್ದಳು. ಆ ಪ್ರೀತಿ ಸುಳ್ಳಾಗಿರಲಿಲ್ಲ. ಅದರ ಬೆನ್ನಿಗೇ ಇಷ್ಟೆಲ್ಲ ಇತ್ತು ಎಂಬುದನ್ನು ಮಾತ್ರ ಒಲೆಯ ಮುಂದಿನ ಹುಡುಗಿ ಕಂಡಿರಲಿಲ್ಲ.

ಕೇಳಬೇಕಾದ್ದು ಇನ್ನೂ ಒಂದಿತ್ತು. ಅವಳು ಕರ್ಚೀಫು ಬಿಚ್ಚಿ ಮೂಗುಬೊಟ್ಟನ್ನು ನಿಂಗಮ್ಮನ ಅಂಗೈ ಮೇಲಿಟ್ಟಳು.

“ಇದನ್ನ ಯಾಕೆ ಗಂಟಿಗೆ ಕಟ್ಟದೆ ಹಂಗೇ ಮೇಲೆ ಹಾಕಿದ್ದೆ?”

ನಿಂಗಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಕಲ್ಲು ಬಿದ್ದ ಜಾಗವನ್ನು ಉಗುರಿನಿಂದ ಮುಟ್ಟಿದಳು. ಮಡಿಲಲ್ಲಿದ್ದ ಕಾಯಿ ಜಾರಿ ಉರುಳಿಹೋಯಿತು.

“ಇದೆಲ್ಲಿತ್ತು?”

“ಡಬ್ಬೀಲಿ.”

“ಇಲ್ಲ ಕಣೇ. ಇದು ಡಬ್ಬೀಲಿರಲಿಲ್ಲ. ಅವಳ ಮೂಗಲ್ಲಿತ್ತು. ಹಿತ್ತಲ ಬಾಗಿಲಲ್ಲಿ ಒಂದ್ಸಲ ತಿರುಗಿ ಮಗು ಕಡೆ ನೋಡಿದ್ಲು, ಬಿಸಿಲಿಗೆ ಹೊಳೀತು. ಅದನ್ನ ಇಟ್ಕೊಂಡೇ ಹೋದ್ಲು. ನನ್ನ ಕಣ್ಣಾರೆ ನೋಡಿದೀನಿ.”

ಅಡುಗೆ ಮನೆಯಿಂದ ಓಬಳೇಶನ ಮಷೀನು ಗುರ್ರೆಂದು ನಿಂತಿತು.

ಗೌರಕ್ಕ ಮೂಗಿನಲ್ಲಿಟ್ಟುಕೊಂಡು ಹೋದ ಒಡವೆ, ಅವಳು ಹೋದ ಮೇಲೆ ಮುಚ್ಚಿದ ಗೂಡಿನೊಳಗೆ ಸೇರಿತ್ತು. ಹಾಗಾದರೆ ಗೂಡನ್ನು ಯಾರೋ ಇನ್ನೊಮ್ಮೆ ತೆರೆದಿದ್ದರು. ತೆರೆಯಬೇಕಾದರೆ ಬೀರು ಸರಿಯಬೇಕು.

“ಆ ಬೀರುವನ್ನ ಯಾವತ್ತಾದ್ರೂ ಜಾಗ ಬಿಟ್ಟು ಎತ್ತಿದ್ರಾ?” ನಿರ್ಮಲಾ ಕೇಳಿದಳು.

“ಒಂದೇ ಸಲ. ಭವ್ಯ ದೊಡ್ಡೋಳಾದ ವರ್ಷ. ಹಿಂದ್ಗಡೆ ಹಲಗೆಗೆ ಗೆದ್ದಲು ಹತ್ತಿತ್ತು. ನಾನು ಹಿತ್ತಲಲ್ಲಿ ಅವಳ ಒಸಗೆ ಅಡುಗೇಲಿದ್ದೆ. ಬೀರು ಇಳಿಸಿ, ಗೋಡೆಗೆ ಅಲ್ಲಲ್ಲಿ ಸಿಮೆಂಟು ಮೆತ್ತಿ, ತಿರ್ಗ ಕೂರಿಸಿ ಹೋದ್ರು.”

“ಯಾರು?”

ನಿಂಗಮ್ಮ ಅವಳನ್ನು ನೋಡಿದ ನೋಟದಲ್ಲಿ ಕನಿಕರವಿತ್ತು.

“ಇನ್ಯಾರು. ನಿಮ್ಮಪ್ಪ.”

ಕಿಬ್ಬನಹಳ್ಳಿಯ ತಮ್ಮ ಮನೆಯ ಪ್ರತಿ ಕಿಟಕಿಯ ಅಂಚಿನಲ್ಲೂ ಆ ಹೆಬ್ಬೆರಳಿನ ಗುರುತಿತ್ತು. ಮೂಲೆ ಚೂಪಾಗಿದ್ದರೆ ಮಕ್ಕಳಿಗೆ ತಾಗುತ್ತದೆ ಎಂದು ಅಪ್ಪ ಸಿಮೆಂಟು ಒಣಗುವ ಮೊದಲು ಹೆಬ್ಬೆರಳಿನಿಂದ ಉಜ್ಜಿ ದುಂಡಗೆ ಮಾಡುತ್ತಿದ್ದ. ಟಾರ್ಚು ಆರಿಸಿದ ಆ ಗಳಿಗೆಯಲ್ಲೇ ತನಗೆ ಗೊತ್ತಾಗಿತ್ತು ಎಂದು ನಿರ್ಮಲಾ ಈಗ ಒಪ್ಪಿಕೊಂಡಳು. ಬೇರೆಯವರ ಕೈಗುರುತಾಗಿದ್ದರೆ ಅವಳು ಮೊದಲು ವಿಚಾರಿಸುತ್ತಿದ್ದುದು ಆ ಕೆಳಗಿನ ಸಾಲನ್ನೇ.

ಫೋನು ತೆಗೆದಳು. ಈ ಹೊತ್ತಿಗೆ ಅಪ್ಪ ಊಟ ಮುಗಿಸಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾನೆ.

“ಅಪ್ಪ, ಅರಳಗುಪ್ಪೇಲಿದೀನಿ. ಭವ್ಯನ ಮನೇಲಿ.”

“ಬೀರು ಕಿತ್ರಾ?”

ಅಡುಗೆ ಮನೆಯ ಕೆಲಸದ ಸುದ್ದಿಯನ್ನೇ ಅವಳು ಅಪ್ಪನಿಗೆ ಹೇಳಿರಲಿಲ್ಲ.

“ಕಿತ್ರು. ಗೌರಕ್ಕನ ಮೂಗುಬೊಟ್ಟು ಸಿಕ್ತು.”

ಆ ಕಡೆಯಿಂದ ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅಪ್ಪನ ದನಿ ಮೆತ್ತಗೆ ಬಂತು.

“ಭವ್ಯ ಪಕ್ಕದಲ್ಲವ್ಳಾ?”

“ಅವ್ಳೆ.”

“ಫೋನು ಅವಳ ಕೈಗೆ ಕೊಡು.”

“ನನಗೆ ಹೇಳಪ್ಪ. ನಾನು ನಿನ್ನ ಮಗಳು.”

“ಮಗಳೂ ಹೌದು, ಪೊಲೀಸೂ ಹೌದು. ಅದಕ್ಕೇ ಇಷ್ಟು ವರ್ಷ ನಿನ್ನ ಮುಂದೆ ಬಾಯಿ ಬಿಡಲಿಲ್ಲ. ಇದು ಆ ಹುಡುಗಿಗೆ ಸೇರಿದ ಮಾತು. ಕೊಡಮ್ಮ.”

ನಿರ್ಮಲಾ ಫೋನನ್ನು ಭವ್ಯಶ್ರೀಗೆ ಕೊಟ್ಟಳು. ಅವಳು ಅದನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. “ಹೂಂ” ಎಂದಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ “ಹೂಂ”. ನಿಂಗಮ್ಮ ಕಂಬ ಹಿಡಿದು ಎದ್ದು ನಿಂತಿದ್ದಳು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಯಾರೂ ಲೋಟ ಮುಟ್ಟಿರಲಿಲ್ಲ.

ಭವ್ಯಶ್ರೀ ಫೋನು ಇಳಿಸಿದಳು.

“ಸತ್ತೋಗವ್ಳಾ?” ನಿಂಗಮ್ಮನ ದನಿ ಒಡೆದಿತ್ತು.

ಭವ್ಯಶ್ರೀ ಇಲ್ಲವೆಂದು ತಲೆಯಾಡಿಸಿದಳು.

“ಎಲ್ಲವ್ಳೆ?” ನಿರ್ಮಲಾ ಕೇಳಿದಳು.

“ಅದನ್ನ ಹೇಳಲಿಲ್ಲ. ನಾನು ದೊಡ್ಡೋಳಾದಾಗ ಮೂಗುಬೊಟ್ಟನ್ನ ಅವಳೇ ನಿಮ್ಮಪ್ಪನ ಕೈಲಿ ಕೊಟ್ಟು ಗೂಡಲ್ಲಿ ಇಡ್ಸಿದ್ಲಂತೆ.” ಅವಳು ನಿಧಾನವಾಗಿ,‌ ಪ್ರತಿ ಮಾತನ್ನೂ ತಾನೇ ಮೊದಲ ಸಲ ಕೇಳಿಸಿಕೊಳ್ಳುತ್ತಿರುವವಳಂತೆ ಹೇಳಿದಳು. “ಹೋದ ವಾರ ಇಲ್ಲಿಗೆ ಬಂದಿದ್ಲಂತೆ ಅಕ್ಕ. ಚಟ್ನಿಪುಡಿ ಕೊಳ್ಳೋಕೆ ಒಬ್ಬರು ವಯಸ್ಸಾದೋರು ಬಂದಿದ್ರು, ನಿಜ. ಬಿಸಿಲಲ್ಲಿ ಬಂದವ್ರೆ ಅಂತ ನಾನೇ ಅಡುಗೆ ಮನೇಲಿ ಕೂರಿಸಿ ನೀರು ಕೊಟ್ಟೆ. ಸುತ್ತ ಎಲ್ಲಾ ನೋಡಿದ್ರು. ‘ಈ ಬೀರು ಯಾವತ್ತು ಕೀಳಿಸ್ತೀಯವ್ವ’ ಅಂತ ಕೇಳಿದ್ರು.”

“ನೀನೇನಂದೆ?”

“ಇವತ್ತಿನ ದಿನ ಹೇಳ್ದೆ.”